ಯಂಕವ್ವ ಹೇಳಿದ್ದು

ಹೆಂಡತಿ ಯಂಕವ್ವ ಸತ್ತು ಎರಡು ತಿಂಗಳಾದರೂ ಮಲಕಾಜಪ್ಪನಿಗೆ ಅವಳ ಮೇಲಿನ ಸಿಟ್ಟು ಇಳಿದಿರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡು ಒಂದು ಮಾತೂ ಹೇಳದೆ ಹೋದಳಲ್ಲ, ನಾನೇನು ಹೊರಗಿನವನೇ ಎಂದು ರಬಕವಿಯ ಓಣಿಯಲ್ಲಿ ಕಂಡಕಂಡವರ ಮುಂದೆ ಹಲುಬುತ್ತಿದ್ದ. ಮೊದಲೇ ತೋರಿಸಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಬೇರೆ ಅಂದಿದ್ದರು. ಸತ್ತವಳ ಮೇಲೆ ಸಿಟ್ಟು ಮಾಡಿ ಬರುವುದೇನು, ಹೇಳಿ. ಆದರೂ ಆ ಸಿಟ್ಟೇ ಅವನನ್ನು ಹಿಡಿದು ನಿಲ್ಲಿಸಿತ್ತು.

ಅಂಥ ಹೊತ್ತಿನಲ್ಲಿ ಧಾರವಾಡದಿಂದ ಶೇವಂತಿಬಾಯಿ ಬಂದರು. ಮಾತಿಲ್ಲದೆ ಜನ ಹೇಗೆ ಮಾತಾಡುತ್ತಾರೆ ಎಂಬುದು ಅವರ ಸಂಶೋಧನೆ. ಪವರ್‌ಲೂಮಿನ ಗದ್ದಲದಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುವುದಿಲ್ಲ. ನೇಕಾರರು ಕೈಸನ್ನೆಯಲ್ಲಿ, ತುಟಿ ನೋಡಿಯೇ ಸಂಸಾರ ಸಾಗಿಸುತ್ತಾರೆ. ಐದು ತಿಂಗಳ ಹಿಂದೆ ಶೇವಂತಿಬಾಯಿಯವರು ಮಲಕಾಜಪ್ಪನ ಶೆಡ್ಡಿನಲ್ಲಿ ಮೂರು ದಿನ ಕ್ಯಾಮರಾ ಇಟ್ಟು ದನಿಯಿಲ್ಲದ ಫಿಲ್ಮು ತೆಗೆದಿದ್ದರು. ಸನ್ನೆಗಳನ್ನೆಲ್ಲ ಕಾಗದಕ್ಕೇರಿಸಿ ಆಗಿತ್ತು, ಅರ್ಥವಷ್ಟೇ ಬಾಕಿ. ಅರ್ಥವನ್ನು ಊಹಿಸಬಾರದು, ಸನ್ನೆ ಮಾಡಿದವರನ್ನೇ ಕೇಳಬೇಕು ಎಂಬುದು ಅವರ ನಿಯಮ. ಯಂಕವ್ವನೇ ಇಲ್ಲವಾದ್ದರಿಂದ ಗಂಡನನ್ನು ಕೇಳಲು ಬಂದಿದ್ದರು.

ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇರಲಿಲ್ಲ. ಮುಖ ಕಂಡರೆ ಸಾಕೆಂದು ಮಲಕಾಜಪ್ಪ ಒಪ್ಪಿ ಕೂತ.

ಬಾಯಿಯವರು ಫಿಲ್ಮು ಹಾಕಿದರು, ಗೋಡೆಯ ಮೇಲೆ ಯಂಕವ್ವ ಬಂದಳು. ಮಗ್ಗದ ಲಾಳಿಯೊಳಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದವಳು ಕೆಲಸ ನಿಲ್ಲಿಸಿ, ಮಗ್ಗದ ಮುಂದಿದ್ದ ಗಂಡನ ಕಡೆ ಕೈಯೆತ್ತಿದಳು. ಹೊಟ್ಟೆ ಹಿಡಿದುಕೊಂಡಳು, ತುಟಿ ಆಡಿಸಿದಳು. ಗಂಡ ಪೂರ್ತಿ ನೋಡಿದ, ಬೆರಳು ತಿರುವಿ ಏನೋ ಹೇಳಿದ, ಮಗ್ಗಕ್ಕೆ ಮರಳಿದ. ಅವಳು ಸ್ವಲ್ಪ ಹೊತ್ತು ಅವನ ಬೆನ್ನು ನೋಡಿ ಮತ್ತೆ ನೂಲು ಸುತ್ತಿದಳು.

ಬಾಯಿಯವರ ಕಾಗದದಲ್ಲಿ, "ಸನ್ನೆ ತಲುಪಿದೆ, ಉತ್ತರ ಬಂದಿದೆ" ಎಂದಿತ್ತು. ಇಲ್ಲಿ ಯಂಕವ್ವ ಏನು ಹೇಳುತ್ತಿದ್ದಾರೆ ಎಂದು ಕೇಳಿದರು.

ಮಲಕಾಜಪ್ಪನಿಗೆ ಆ ದಿನದ ನೆನಪೇ ಇರಲಿಲ್ಲ. ದಿನಕ್ಕೆ ಇಂಥ ನೂರು ಸನ್ನೆ, ಯಾವುದನ್ನೆಂದು ನೆನಪಿಡುವುದು? ಆದರೆ ತುಟಿ ಓದುತ್ತಲೇ ಬೆಳೆದ ಕಣ್ಣು ಸುಳ್ಳು ಹೇಳಲಿಲ್ಲ.

"ನೋವು ತಡ್ಯಾಕ ಆಗವಲ್ದು, ದವಾಖಾನಿಗೆ ಕರ್ಕೊಂಡು ಹೋಗ್ರಿ ಅನ್ನಾಕತ್ತಾಳ್ರಿ."

ಎರಡು ತಿಂಗಳು ಊರೆಲ್ಲ ಹೊತ್ತು ತಿರುಗಿದ ಸಿಟ್ಟು ಅಲ್ಲೇ ಸತ್ತಿತು. ಅದು ಸತ್ತ ಮೇಲೆ ಆಸರೆಗೆ ಏನೂ ಉಳಿಯಲಿಲ್ಲ. ಬಾಯಿಯವರು ಪೆನ್ನು ಕೆಳಗಿಟ್ಟು, ಸಾಕು, ಇಷ್ಟಕ್ಕೇ ಬಿಡೋಣ ಎಂದರು. ಅವನು ಬಿಡಲಿಲ್ಲ. ನನ್ನ ಸನ್ನೆಯನ್ನೂ ಬರೆದುಕೊಳ್ಳಿ ಎಂದ.

"ಕಂಡಿಕಿ ಮುಗದಾವು, ಲಗೂನ ಸುತ್ತು ಅಂದ್ನಿರಿ."