ಅಳಿಯನ ಹಾಯಿಮೀನು

ಅಫಜಲಪುರದ ತೊಗರಿ ವ್ಯಾಪಾರಿ ಚಂದ್ರಾಮಪ್ಪನವರ ಮನೆತನದಲ್ಲಿ ಈಚೆಗೆ ಎದ್ದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಗಂಭೀರವಾದುದು ಇದು: ಅಳಿಯ ಬೆವರು ಸುರಿಸಿ ಭಾರ ಎಳೆಯುತ್ತಿರುವಾಗ ಮಾವನಾದವನು ಕೈಕಟ್ಟಿ ಕುಳಿತಿರಬಹುದೇ? ಹೊಲದ ಹಂಚಿಕೆ, ನೀರಿನ ಸರದಿ, ಬೀಗರ ಮುನಿಸು ಎಲ್ಲಕ್ಕೂ ಆ ಮನೆಯಲ್ಲಿ ಏನಾದರೊಂದು ಪರಿಹಾರ ಸಿಕ್ಕಿತ್ತು. ಇದಕ್ಕೆ ಸಿಗಲಿಲ್ಲ. ಪ್ರಶ್ನೆ ಎದ್ದದ್ದು ಅಂಡಮಾನಿನ ಕಡಲ ನಡುವೆ, ರಸೂಲನೆಂಬವನ ಮೋಟಾರು ದೋಣಿಯಲ್ಲಿ.

ಅಳಿಯ ಕಲ್ಲಿನಾಥ ಜೇವರ್ಗಿಯಲ್ಲಿ ಹಲ್ಲಿನ ಡಾಕ್ಟರು. ಮಂಗಳೂರಿನಲ್ಲಿ ಓದುವಾಗ ಅಂಟಿಕೊಂಡ ಗಾಳದ ಚಟ ಹಲ್ಲು ಕೀಳುವ ಕಸುಬಿನಿಂದಲೂ ತಣಿದಿರಲಿಲ್ಲ. ಲಿಂಗ ಕಟ್ಟಿದ ಮನೆಯವನು. ಮೀನು ತಿನ್ನುವ ಮಾತೇ ಇಲ್ಲ. ಹಿಡಿದ ಮೀನನ್ನು ಬಿಟ್ಟುಬಿಡುವುದೇ ಈ ಆಟದ ಮರ್ಯಾದೆ. ಅವನಿಗೆ ಬೇಕಾಗಿದ್ದದ್ದು ಒಂದು ಬೆಳ್ಳಿ ಬಿಲ್ಲೆ. ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಬಿಚ್ಚುವ ಹಾಯಿಮೀನನ್ನು ಒಬ್ಬನೇ ಎಳೆದು ತಂದವನಿಗೆ ಚೆನ್ನೈನ ಗಾಳಗಾರರ ಸಂಘವೊಂದು ಅದನ್ನು ಕೊಡುತ್ತಿತ್ತು. ಒಬ್ಬನೇ ಅಂದರೆ ಒಬ್ಬನೇ. ಮೀನು ಕಚ್ಚಿದ ಮೇಲೆ ಬೇರೆಯವರ ಬೆರಳು ಗಾಳದ ಕೋಲಿಗೆ ತಗುಲಿದರೂ ಆ ಮೀನು ಲೆಕ್ಕಕ್ಕಿಲ್ಲ. ಜೊತೆಗೆ ಓದಿದ ಉಡುಪಿಯ ಗೆಳೆಯನೊಬ್ಬ ಆ ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಂಡೇ ಮದುವೆ ಮುಂಜಿಗಳಿಗೆ ಬರುತ್ತಿದ್ದ. ಕಲ್ಲಿನಾಥ ಪ್ರತಿಸಲವೂ ಅದನ್ನು ನೋಡಿ, ಚೆನ್ನಾಗಿದೆ ಎಂದು ಹೇಳಿ, ಊಟ ಸೇರದೆ ಎದ್ದುಬರುತ್ತಿದ್ದ.

ಅಂಡಮಾನಿಗೆ ಒಬ್ಬನೇ ಹೋಗುವುದೆಂದು ಹೊರಟಿದ್ದ. ಹೆಂಡತಿ ಭುವನೇಶ್ವರಿ ತಾನೂ ಬರುವೆನೆಂದಳು, ತವರಿಗೆ ಫೋನು ಮಾಡಿ ಹೇಳಿಯೂಬಿಟ್ಟಳು. ಅಲ್ಲಿಗೆ ಮುಗಿಯಿತು. ಅತ್ತೆ ಸುಭದ್ರಾಬಾಯಿ ದಾರಿಗೆಂದು ರೊಟ್ಟಿ ಬಡಿಯಲು ಕೂತರು.

ದೋಣಿ ಹತ್ತುವ ದಿನ ಕಲ್ಲಿನಾಥ ಕೊನೆಯ ಪ್ರಯತ್ನ ಮಾಡಿದ. "ನೀವು ಹೋಟೆಲ್‌ನಾಗ ಆರಾಮ ಇರ್ರಿ, ಮಾವಾರ."

"ಅಳಿಯನ್ನ ಸಮುದ್ರಕ್ಕ ಕಳಿಸಿ ನಾವು ಇಲ್ಲಿ ಇಡ್ಲಿ ತಿನ್ಕೋತ ಕುಂಡ್ರಾದೇನ್ರಿ?" ಎಂದು ಚಂದ್ರಾಮಪ್ಪ ಚಪ್ಪಲಿ ಮೆಟ್ಟಿದರು.

ದೋಣಿಯಲ್ಲಿ ಕಲ್ಲಿನಾಥ ನಿಯಮ ವಿವರಿಸಿದ. "ಮೀನ ಕಚ್ಚಿದ ಮ್ಯಾಲ ನನ್ನ ಕೋಲು ಯಾರೂ ಮುಟ್ಟಂಗಿಲ್ಲ. ಮುಟ್ಟಿದ್ರ ಎಲ್ಲಾ ಫಾಲ್ತೂ."

"ತಿಳೀತು ಬಿಡ್ರಿ. ಬಸವಣ್ಣನೋರು ಬಿಡಿಸಿದ ಮಡೀನ ನೀವು ಮೀನಿಗೆ ಹಚ್ಚೀರಿ." ಚಂದ್ರಾಮಪ್ಪ ಕೊಂಚ ಯೋಚಿಸಿದರು. "ಹಿಡದ ಮ್ಯಾಲ ತಿನ್ನಂಗಿಲ್ಲ?"

"ಇಲ್ರಿ."

"ಮಾರಂಗಿಲ್ಲ?"

"ಇಲ್ರಿ. ಬಿಟ್ಟುಬಿಡಾದು."

ಚಂದ್ರಾಮಪ್ಪ ಸಮುದ್ರವನ್ನೊಮ್ಮೆ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. "ಈಗ ಅವು ಬಿಟ್ಟಂಗೇ ಅವ ಅಲ್ರಿ. ಹೊಳ್ಳಿ ಹೋಗೂಣು?"

ಕಲ್ಲಿನಾಥ ಉತ್ತರಿಸುವ ಮೊದಲೇ ಕೋಲಿಗೆ ದಾರ ಸುತ್ತಿದ್ದ ರೀಲು ಕಿರುಚಿತು. ದೂರದಲ್ಲಿ ನೀಲಿಯ ತುಂಡೊಂದು ನೀರಿನಿಂದ ಎದ್ದು, ತಲೆ ಕೊಡವಿ, ಮತ್ತೆ ಬಿತ್ತು. ಕೋಲು ಬಾಗಿತು. ಕಲ್ಲಿನಾಥ ಕಾಲೂರಿ ನಿಂತ.

ಬಹಳ ಹೊತ್ತು ನಿಂತ. ಇವನು ಇಷ್ಟು ಎಳೆದರೆ ಮೀನು ಅಷ್ಟು ದೂರ ಹೋಗುತ್ತಿತ್ತು. ಮುಖ ಕೆಂಪಾಗಿ, ಅಂಗಿ ಬೆನ್ನಿಗೆ ಅಂಟಿತು. ಈ ದೃಶ್ಯ ಅತ್ತೆಯ ಕರುಳನ್ನು ಹಿಂಡಿತು.

"ಏ ಭುವನಾ, ಫೋಟೋ ಏನ್ ಹೊಡ್ಕೋತ ನಿಂತಿ ಬೇ, ಗಂಡಗ ಗಾಳಿ ಬೀಸು!"

ಚಂದ್ರಾಮಪ್ಪ ಎದ್ದರು. "ಬರೇ ಬುಡಕ್ಕ ಹಿಡೀತೇನಿ."

"ಬ್ಯಾಡ್ರಿ!"

"ದಾರ ಅಷ್ಟ?"

"ಮಾವಾರ, ಕೈ ಮುಗೀತೇನಿ, ಕುಂಡ್ರಿ!"

"ಮುಗ್ಯಾಕ ನಿಮ್ಮ ಕೈ ಎಲ್ಲಿ ಖಾಲಿ ಅವ?" ಎಂದ ಚಂದ್ರಾಮಪ್ಪ, ನ್ಯಾಯ ಕೇಳಲು ರಸೂಲನತ್ತ ತಿರುಗಿ ಸಂತೆಯ ಉರ್ದುವಿನಲ್ಲಿ ವಾದ ಮಂಡಿಸಿದರು. ತಮ್ಮ ಕಡೆ ಎತ್ತಿನ ಗಾಡಿ ಕೆಸರಿನಲ್ಲಿ ಸಿಕ್ಕರೆ ಬಸ್ಸು ನಿಲ್ಲಿಸಿ ಜನ ಇಳಿದು ಕೈ ಹಚ್ಚುತ್ತಾರೆ; ಇವನು ಪರಕೀಯನಲ್ಲ, ಮಗಳ ಗಂಡ; ನಾಳೆ ಬೀಗರಿಗೆ ಯಾವ ಮುಖ ತೋರಿಸುವುದು? ರಸೂಲ ಸೊಂಟ ಹಿಡಿದುಕೊಳ್ಳಬಹುದೆಂದ. ಸೊಂಟದ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ಚಂದ್ರಾಮಪ್ಪ ಹಿಂದಿನಿಂದ ಅಳಿಯನ ಸೊಂಟವನ್ನು ತಬ್ಬಿ ನಿಂತರು. ಅವರ ಮೀಸೆ ಕುತ್ತಿಗೆಗೆ ಚುಚ್ಚುತ್ತಿದ್ದರೂ ಕಲ್ಲಿನಾಥ ಸಹಿಸಿದ. ಮೀನು ಹತ್ತಿರ ಬರುತ್ತಿತ್ತು.

ಆಗ ಸುಭದ್ರಾಬಾಯಿ ಡಬ್ಬಿ ಬಿಚ್ಚಿದರು. "ಕೈ ಖಾಲಿ ಇಲ್ಲಂದ್ರ ಏನಾತು, ಬಾಯಿ ಅದ ಅಲ್ರಿ. ಆ ಅನ್ರಿ." ಬೇಡ ಎನ್ನಲು ತೆರೆದ ಬಾಯಿಗೆ ಅರ್ಧ ಶೇಂಗಾ ಹೋಳಿಗೆ ಹೋಯಿತು. ಶೇಂಗಾ ಹೋಳಿಗೆಯ ಹೂರಣ ಬಾಯಿಯ ಪಸೆಯನ್ನೆಲ್ಲ ಹೀರಿ ಮಾತಿಗೆ ಜಾಗ ಬಿಡುವುದಿಲ್ಲ.

ಮೀನು ದೋಣಿಯಡಿಗೆ ಮುಳುಗಿತು. ಕಲ್ಲಿನಾಥ ಮುಂದಕ್ಕೆ ಜೋಲಿ ಹೊಡೆದ. ಸೊಂಟದ ಮೇಲಿದ್ದ ಮಾವನ ಬಲಗೈ ಕೋಲಿಗೆ ಹೋಯಿತು.

"ಮ್ಞ! ಮ್ಞ! ಮ್ಞ!" ಎಂದ ಕಲ್ಲಿನಾಥ.

"ಇನ್ನೊಂದ ಬೇಕಂತ," ಎಂದರು ಸುಭದ್ರಾಬಾಯಿ.

ಒಂದು ಕಾಲಕ್ಕೆ ತೊಗರಿ ಚೀಲ ಹೊತ್ತ ಕೈ ಅದು. ಒಮ್ಮೆ ಎಳೆದದ್ದೇ ಮೀನು ದೋಣಿಯ ಮಗ್ಗುಲಿಗೆ ಬಂತು. ಉದ್ದನೆಯ ಚೂಪು ಮೂತಿ, ಬೆನ್ನ ಮೇಲೆ ಬಿಚ್ಚಿದ ಕಡುನೀಲಿ ಹಾಯಿ.

"ಇಬ್ರು ಹಚ್ಚಿದ್ರ ಎಷ್ಟ ಸಲೀಸು ನೋಡ್ರಿ!" ಎಂದರು ಚಂದ್ರಾಮಪ್ಪ.

"ಮೊದ್ಲ ಅದರ ಬಾಯಾಗಿಂದು ತಗೀರಿ," ಎಂದರು ಸುಭದ್ರಾಬಾಯಿ. "ನೀವು ಹಲ್ಲಿನ ಡಾಕ್ಟ್ರು ಅಲ್ರಿ."

ಕಲ್ಲಿನಾಥ ಗಾಳವನ್ನು ನಾಜೂಕಾಗಿ ಬಿಡಿಸಿದ. ಮೀನು ಹಾಯಿ ಮಡಚಿ ಇಳಿದುಹೋಯಿತು.

ಸಂಘಕ್ಕೆ ವರದಿ ಕಳಿಸಬೇಕಾದವನು ರಸೂಲ. ಅವನು ಮೊಬೈಲು ತೆಗೆದು, ಏನೂ ನೋಡದವನಂತೆ ಆಕಾಶದ ಕಡೆ ಮುಖ ಮಾಡಿ, ಬೇರೆ ಯಾರಾದರೂ ಕೋಲು ಮುಟ್ಟಿದ್ದರೇ ಎಂದು ಮೆಲ್ಲಗೆ ಕೇಳಿದ. ಅವನ ಮಟ್ಟಿಗೆ ಆಕಾಶದಲ್ಲಿ ಯಾರೂ ಏನನ್ನೂ ಮುಟ್ಟಿರಲಿಲ್ಲ. ಕಲ್ಲಿನಾಥ ಅವಸರದಿಂದ ಹೋಳಿಗೆ ನುಂಗತೊಡಗಿದ. ಅದು ಇಳಿಯುವ ಮೊದಲೇ ಮಾವ ಉತ್ತರ ಕೊಟ್ಟಾಗಿತ್ತು.

"ಮುಟ್ಟಾದೇನು, ಎಳದಾಂವನ ನಾನು! ಆದ್ರ ನನ್ನ ಹೆಸರು ಬ್ಯಾಡ. ಅಳಿಯಂದ್ರದ ಬರೀರಿ."

ರಸೂಲ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಆ ಮೀನು ಲೆಕ್ಕಕ್ಕೆ ಬರಲಿಲ್ಲ. ಕಲ್ಲಿನಾಥನಿಗೆ ಬಿಲ್ಲೆ ಸಿಗಲಿಲ್ಲ.