ದಿಂಬಿನ ಮೇಲಿನ ಹೊಲಿಗೆ

ಆಸ್ಪತ್ರೆಗೆಲ್ಲ ಅವಳು ಸಿಸ್ಟರ್. ನನ್ನ ತಂಗಿಗೆ ಮಾತ್ರ ಬಂದು ಹೋಗಿ ಮಾಡುವಷ್ಟರಲ್ಲೇ ‘ಅಕ್ಕ’ ಆಗಿಬಿಟ್ಟಳು. ಅಕ್ಕ ಅಂತ ಇರುವವಳು ನಾನೊಬ್ಬಳು. ತಂಗಿಗೆ ಹುಟ್ಟಿನಿಂದಲೇ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಸ್ಪರ್ಶವೂ ತಿಳಿಯದು. ಅಮ್ಮ ಹೋದ ಮೇಲೆ ಅವಳಿಗೆ ಸ್ನಾನ ಮಾಡಿಸಿದವಳು, ಮಗ್ಗುಲು ಬದಲಿಸಿದವಳು, ಗಾಲಿಕುರ್ಚಿಗೆ ಎತ್ತಿ ಎತ್ತಿ ಸೊಂಟ ಬೀಳಿಸಿಕೊಂಡವಳು ನಾನು. ಅವಳ ಕಾಲಿಗೆ ಇರುವೆ ಕಚ್ಚಿದರೆ ‘ಅಯ್ಯೋ’ ಅನ್ನುತ್ತಿದ್ದವಳೂ ನಾನೇ.

ಈ ನರ್ಸಮ್ಮ ಪ್ರತಿ ಶನಿವಾರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಗಾಲಿಕುರ್ಚಿಯ ಹುಡುಗ ಹುಡುಗಿಯರನ್ನೆಲ್ಲ ಸೇರಿಸಿ ಪಾಠ ಮಾಡುತ್ತಾಳೆ. ತಮ್ಮ ಮೈಯನ್ನು ತಾವೇ ನೋಡಿಕೊಳ್ಳುವ ಪಾಠ. ಮನೆಯವರು ಹೊರಗೆ, ಬೆಂಚಿನ ಮೇಲೆ. ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ನಗು ಕೇಳಿಸುತ್ತದೆ. ಅದರಲ್ಲಿ ನನ್ನ ತಂಗಿಯದೇ ಜೋರು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದರೂ ತಂಗಿಗೆ ಅದೇ ಜಪ. ಮಾತಿನ ನಡುವೆ ಕುರ್ಚಿಯ ತೋಳಿಗೆ ಕೈಯೂರಿ ಮೈ ಮೇಲೆತ್ತುತ್ತಾಳೆ. “ಒಂದೇ ಕಡೆ ಭಾರ ಬಿದ್ರೆ ಹುಣ್ಣಾಗುತ್ತೆ, ಅಕ್ಕ ಹೇಳಿದ್ದಾರೆ.” ಬೆಳಿಗ್ಗೆ ಎದ್ದರೆ ಹಿಡಿಕೆ ಇರುವ ಕನ್ನಡಿಯಲ್ಲಿ ತನ್ನ ಬೆನ್ನು, ಸೊಂಟ ನೋಡಿಕೊಳ್ಳುತ್ತಾಳೆ.

“ನೋಡೋಕೆ ನಾನಿಲ್ವೇನೇ?”

“ನನ್ನ ಮೈ ನಾನೇ ನೋಡ್ಕೋಬೇಕು. ನೀನು ಸ್ವಲ್ಪ ಆಚೆ ಇರು.”

ಆಚೆ ಇರಬೇಕಂತೆ! ಹೊತ್ತು ತಿರುಗಿದವಳು ಆಚೆ, ನಿನ್ನೆ ಮೊನ್ನೆ ಬಂದವಳು ಒಳಗೆ.

ನರ್ಸಮ್ಮ ಕುರ್ಚಿಗೆ ಗಾಳಿ ತುಂಬಿದ ದಿಂಬೊಂದನ್ನು ಕೊಟ್ಟಿದ್ದಳು. ಅದೇನು ಮಹಾ ಎಂದು ನಾನೂ ಹಳೆಯ ಹೊದಿಕೆಯನ್ನು ಮಡಿಸಿ, ದಪ್ಪ ದಾರದಲ್ಲಿ ಹೊಲಿದು ಅದರ ಮೇಲೆ ಹಾಸಿದೆ. ತಂಗಿ ಹೊಲಿಗೆಯ ಮೇಲೆ ಕೈಯಾಡಿಸಿದಳು. ನನ್ನ ಮುಖ ನೋಡಿದಳು. ಏನೂ ಹೇಳದೆ ಕೂತಳು. ಗೆದ್ದೆ ಅಂದುಕೊಂಡೆ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಮಗ್ಗುಲಾಗಿ ಮಲಗಿ ಕನ್ನಡಿ ಹಿಡಿದಿದ್ದಾಗ, ಬಟ್ಟೆ ಕೊಡುವ ನೆಪದಲ್ಲಿ ಒಳಗೆ ಹೋದೆ. ಸೊಂಟದ ಕೆಳಗೆ ಉದ್ದಕ್ಕೆ ಕೆಂಪು ಗೆರೆ.

“ನೋಡಿದ್ಯಾ! ಇದೇನಾ ನಿನ್ನ ಅಕ್ಕನ ಪಾಠ?”

ನನ್ನ ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು. ತಂಗಿಗೂ ಕೇಳಿಸಿರಬೇಕು, ಕನ್ನಡಿ ಕೆಳಗಿಟ್ಟಳು.

ಅವಳನ್ನು ಕುರ್ಚಿಯಲ್ಲಿ ಕೂರಿಸಿ ದಡದಡ ತಳ್ಳಿಕೊಂಡು ಆಸ್ಪತ್ರೆಗೆ ಹೋದೆ. ಇವತ್ತು ನರ್ಸಮ್ಮನ ಬಂಡವಾಳ ಬಯಲು ಮಾಡಿಯೇ ಬಿಡುತ್ತೇನೆ ಎಂದು ಬಾಗಿಲು ತಟ್ಟದೆ ನುಗ್ಗಿದೆ. ಅವಳು ತಂಗಿಯನ್ನು ಮಂಚದ ಮೇಲೆ ಮಲಗಿಸಿ, ಗೆರೆಯನ್ನು ಬೆರಳಿಂದ ಒತ್ತಿ ನೋಡಿದಳು. ಒತ್ತಿದರೂ ಕೆಂಪು ಮಾಸಲಿಲ್ಲ. ಆಮೇಲೆ ಕುರ್ಚಿಯ ಕಡೆ ತಿರುಗಿ ನನ್ನ ಹೊಲಿಗೆಯ ಉದ್ದಕ್ಕೂ ಅದೇ ಬೆರಳು ಎಳೆದಳು. ಗೆರೆಯೂ ಹೊಲಿಗೆಯೂ ಒಂದೇ ಉದ್ದ.

“ಇದನ್ನ ಯಾರು ಹಾಕಿದ್ದು?”

“ನಾನೇ,” ಅಂದಳು ತಂಗಿ.

“ದಿಂಬಿನ ಮೇಲೆ ಏನೂ ಹಾಸಬಾರ್ದು ಅಂತ ಮೊದಲನೇ ದಿನಾನೇ ಹೇಳಿದ್ನಲ್ಲ! ಹೊಸಬರಿಗೆ ನೀನೇ ಹೇಳ್ಕೊಡ್ತಿದ್ದೆ. ಬುದ್ಧಿ ಎಲ್ಲಿ ಹೋಗಿತ್ತು ನಿಂಗೆ? ಕೆಂಪು ಹೋಗೋತನಕ ಕುರ್ಚಿಯಲ್ಲಿ ಕೂರೋ ಹಾಗಿಲ್ಲ. ಈಗ ಮನೆ ತನಕ ಮಾತ್ರ, ಆಮೇಲೆ ಮಲಗೇ ಇರು.”

ಆ ಬೈಗುಳ ನನ್ನದು. ಅದನ್ನೂ ನರ್ಸಮ್ಮ ಅವಳಿಗೇ ಕೊಟ್ಟಳು, ಅದೂ ತಲೆ ಸವರುತ್ತ. ಇನ್ನು ತಂಗಿ ಮನೆಯಲ್ಲೇ, ಹಾಸಿಗೆಯಲ್ಲೇ, ಪೂರ್ತಿ ನನ್ನ ಕೈಗೆ. ನಾನು ಬೇಕು ಅಂದದ್ದು ಸಿಕ್ಕಿತ್ತು. ಹೊದಿಕೆಯನ್ನು ಕುರ್ಚಿಯಿಂದ ಎಳೆದು ಕಂಕುಳಲ್ಲಿ ಅವುಚಿಕೊಂಡೆ.

ಹೊರಗೆ ಬಂದ ಮೇಲೆ ಕೇಳಿದೆ, “ಗೊತ್ತಿದ್ದೂ ಯಾಕೆ ಕೂತೆ?”

“ಬೇಡ ಅಂದಿದ್ರೆ ನೀನು ಅಳ್ತಿದ್ದೆ.”

“ಒಂದು ಮಾತು ಹೇಳಬಾರ್ದಿತ್ತಾ?”

“ನನ್ನ ಮೈ ಹೇಗೆ ನೋಡ್ಕೋಬೇಕು ಅಂತ ಅವರು ಕಲಿಸಿದ್ರು. ನಿನ್ನನ್ನ ಹೇಗೆ ನೋಡ್ಕೋಬೇಕು ಅಂತ ಯಾರೂ ಕಲಿಸಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು.