ಎಲೆಅಡಿಕೆ ಚೀಲದ ಒತ್ತೆ

ನಮ್ಮತ್ತೆ ಚನ್ನಾಜಮ್ಮನವರಿಗೆ ಶಿಶುವಿಹಾರ ಎಂದರೆ ಮೈಯೆಲ್ಲ ಉರಿ. "ನಾಕು ವರ್ಸದ ಕೂಸ್ಗೆ ಇಸ್ಕೂಲಾ? ಕಾಲ ಕೆಟ್ಟೋಯ್ತು ಕಣಮ್ಮಿ!" ಎಂದು ಹನೂರಿನ ತಮ್ಮ ತವರಿಗೂ ಕೇಳಿಸುವಂತೆ ಕೂಗಿದ್ದರು. ಅವರ ಗಂಟಲೇ ಹಾಗೆ.

ನಾನು ಬಗ್ಗಲಿಲ್ಲ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಮ್ಮ ಕೊಳ್ಳೇಗಾಲದ ಸೀಮೆ ಇನ್ನೂ ಮದ್ರಾಸಿಗೇ ಸೇರಿತ್ತು. ಊರ ಮಠದ ಜಗುಲಿಯಲ್ಲಿ ಹೊಸದಾಗಿ ಶಿಶುವಿಹಾರ ತೆರೆದಿದ್ದರು. ನನಗೆ ನನ್ನ ಹೆಸರು ಬರೆಯಲೂ ಬಾರದು. ಮಗಳು ಶಿವರತ್ನ ನನ್ನ ಹಾಗೆ ಹೆಬ್ಬೆಟ್ಟು ಒತ್ತಬಾರದು, ಅಷ್ಟೇ ನನ್ನ ಹಠ.

ಹಠದಲ್ಲಿ ಮಗಳು ನನಗೇ ಅವ್ವ. ಮೊದಲ ದಿನ ಮಠದ ಹೆಂಚು ಹಾರುವಂತೆ ಅತ್ತಳು. ಮರುದಿನ ಅವಳನ್ನು ನೋಡಿ ಮಿಕ್ಕ ಮಕ್ಕಳೂ ರಾಗ ತೆಗೆದವು. ಟೀಚರಮ್ಮ ಪಾಪ ಒಳ್ಳೆಯವರು, ಆದರೂ ಸೋತು ಹೋಗಿದ್ದರು. "ಸುವರ್ಣಮ್ಮ, ಈ ವಾರದಲ್ಲಿ ಒಗ್ಗದಿದ್ದರೆ ಮುಂದಿನ ವರ್ಷ ಕರ್ಕೊಂಡು ಬನ್ನಿ" ಎಂದುಬಿಟ್ಟರು. ಮುಂದಿನ ವರ್ಷ ಎಂದರೆ ನಮ್ಮತ್ತೆಯ ಪಂಚಾಂಗದಲ್ಲಿ ಎಂದೂ ಇಲ್ಲ ಎಂದೇ ಅರ್ಥ.

ಮನೆಯಲ್ಲಿ ಆಗ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವು. ಹಣ್ಣಾದ ಹುಳುವನ್ನು ಮೇವಿನ ತಟ್ಟೆಯಿಂದ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರು ಪಟ್ಟಿ ಸುತ್ತಿರುತ್ತದೆ. ಹುಳು ಆ ಸುರುಳಿಯ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ, ಆ ಗೂಡು ಕೊಳ್ಳೇಗಾಲದಲ್ಲಿ ಮಾರಾಟಕ್ಕೆ ಹೋಗುತ್ತದೆ. ಸಂಜೆ ಅಂಗಳಕ್ಕೆ ಬಂದು ನೋಡುತ್ತೇನೆ, ಶಿವರತ್ನ ಚಂದ್ರಿಕೆಯಿಂದ ಒಂದೊಂದೇ ಹುಳು ಕಿತ್ತು ಮತ್ತೆ ತಟ್ಟೆಗೆ ಹಾಕುತ್ತಿದ್ದಾಳೆ! ಕೈ ಎತ್ತಿದೆ. ಅತ್ತೆ ಅಡ್ಡ ಬಂದರು.

"ಯಾಕಮ್ಮಿ ಕೂಸೆ, ಇಂಗ್ ಮಾಡ್ತಿದ್ದೀಯೆ?"

"ಇವು ಮನೇಲೇ ಇರ್ಲಿ ಅಜ್ಜಿ. ಚಂದ್ರಿಕೆಗೆ ಬುಟ್ರೆ ಮೂಟೆ ಕಟ್ಟಿ ಕೊಳ್ಳೇಗಾಲಕ್ಕೆ ತಕಂಡೋಯ್ತಾರೆ. ಆಮೇಕೆ ಬರಾಕಿಲ್ಲ." ಬಿಕ್ಕುತ್ತಾ ಮುಂದುವರಿಸಿದಳು. "ಟೀಚರಮ್ಮನೂ ಸೀಮೆಸುಣ್ಣದಲ್ಲಿ ಇಂಗೇ ಸುರುಳಿ ಬರ್ದು ನಮ್ಮನ್ನ ಅದ್ರ ಮ್ಯಾಲೆ ಕೂರುಸ್ತಾರೆ."

ನನ್ನ ಎತ್ತಿದ ಕೈ ಹಾಗೇ ಉಳಿಯಿತು. ಅಯ್ಯೋ ನನ್ನ ಕಂದ! ಹೊಸ ಲಂಗ ತೊಡಿಸಿ, ಎತ್ತಿಕೊಂಡು ಹೋಗಿ, ಸುರುಳಿಯ ಮೇಲೆ ಬಿಟ್ಟು, ತಿರುಗಿ ನೋಡದೆ ಬಂದವಳು ನಾನೇ. ಮಧ್ಯಾಹ್ನ ಕರೆತಂದರೂ ಅವಳ ಭಯ ಹೋಗಿರಲಿಲ್ಲ, ನಾಳೆಯೇ ಮೂಟೆ ಕಟ್ಟುತ್ತಾರೇನೋ ಎಂದುಕೊಂಡಿದ್ದಳು. ನಾನು ಎಷ್ಟು ಬಿಡಿಸಿ ಹೇಳಿದರೂ ತಲೆ ಅಲ್ಲಾಡಿಸಿದಳು.

ಇಸ್ಕೂಲಿನ ಮೇಲಿನ ಕೋಪಕ್ಕಿಂತ ಕೂಸಿನ ಭಯವೇ ಅತ್ತೆಗೆ ದೊಡ್ಡದಾಯಿತು. ಮರುದಿನ ಬೆಳಗ್ಗೆ ತಾವೇ ಮಗುವನ್ನು ಕಂಕುಳಿಗೆ ಹಾಕಿಕೊಂಡು ಮಠಕ್ಕೆ ಹೊರಟರು, ಹಿಂದೆ ನಾನು. ಜಗುಲಿಯಲ್ಲಿ ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿದರು. ಮಗು ಸುಣ್ಣ ಬಾಯಿಗೆ ಹಾಕಿಕೊಂಡೀತೆಂದು ಸುಣ್ಣದ ಡಬ್ಬಿ ತೆಗೆದು ನನ್ನ ಕೈಗಿಟ್ಟು, ಚೀಲವನ್ನು ಅವಳ ಮಡಿಲಿಗೆ ಹಾಕಿದರು.

"ಇದ ಬುಟ್ಟು ನಾ ಇದ್ದೀನಾ ಕೂಸೆ?"

"ಇಲ್ಲ."

"ಅಂಗಾರೆ ಇಸ್ಕೊಳಕ್ಕಾರ ಬತ್ತೀನಿ ತಾನೆ?"

ಶಿವರತ್ನ ಯೋಚಿಸಿದಳು. ಅಜ್ಜಿ ನಿದ್ದೆಯಲ್ಲೂ ಚೀಲ ತಡವುವುದು ಅವಳಿಗೆ ಗೊತ್ತು. ಚೀಲವನ್ನು ಅವುಚಿಕೊಂಡು ಕೂತಳು. ಅಳಲಿಲ್ಲ.

ಅಳುವ ಸರದಿ ನನ್ನದಾಯಿತು. ಎಲೆಯಿಲ್ಲದ ಅತ್ತೆಯ ಜೊತೆ ಒಂದು ಬೆಳಗು ಕಳೆದವರಿಗೇ ಗೊತ್ತು! ಹಿಪ್ಪುನೇರಳೆ ಸೊಪ್ಪು ಒಣಗಿದೆ ಎಂದು ಬೈದರು, ನೀರು ತಣ್ಣಗಿದೆ ಎಂದು ಬೈದರು, ಬೈಯಲು ಏನೂ ಸಿಗದಾಗ ಬೆಕ್ಕನ್ನು ಬೈದರು. ದಿನವೂ ಚೀಲವನ್ನು ಮಗುವಿಗೆ ಕೊಟ್ಟು ಬಂದು, ಹೊತ್ತು ನೆತ್ತಿಗೇರುವ ಮೊದಲೇ ಮಠದ ಬಾಗಿಲಲ್ಲಿ ಕಾದು ನಿಂತಿರುತ್ತಿದ್ದರು. ವಾರ ಕಳೆಯಿತು. ಟೀಚರಮ್ಮ ಮುಂದಿನ ವರ್ಷದ ಮಾತು ಎತ್ತಲಿಲ್ಲ. ನಾನು ಗೆದ್ದಿದ್ದೆ.

ಆಮೇಲೊಂದು ದಿನ ಅತ್ತೆ ಮಗುವನ್ನು ಬಿಟ್ಟು ಬೇಗನೇ ಬಂದರು, ಕೈಯಲ್ಲಿ ಚೀಲ.

"ಯಾಕತ್ತೆ, ಅತ್ತಳಾ?"

"ಇಲ್ಲ ಕಣಮ್ಮಿ. 'ನೀನೇ ಇಟ್ಕೊ ಅಜ್ಜಿ, ನೀ ಬತ್ತೀಯ ಅಂತ ನಂಗೊತ್ತು' ಅಂದ್ಬುಟ್ಟು ಸುರುಳಿ ಮ್ಯಾಲೆ ಓಗಿ ಕೂತ್ಕಂಡ್ಳು. ತಿರುಗೂ ನೋಡ್ಲಿಲ್ಲ."

ನಾನು ನಗುತ್ತಾ ಸುಣ್ಣದ ಡಬ್ಬಿ ತಂದು ಮುಂದೆ ಹಿಡಿದೆ. ಅತ್ತೆ ತೆಗೆದುಕೊಳ್ಳಲಿಲ್ಲ. ಚೀಲವನ್ನು ಶಿವರತ್ನಳ ಹಾಗೇ ಮಡಿಲಲ್ಲಿ ಅವುಚಿಕೊಂಡು, ಮಠದ ದಾರಿ ಕಡೆಗೆ ನೋಡುತ್ತಾ ಬಾಗಿಲಲ್ಲೇ ಕೂತರು. ಮಧ್ಯಾಹ್ನದವರೆಗೆ ಒಂದು ಎಲೆಯನ್ನೂ ಹಾಕಿಕೊಳ್ಳಲಿಲ್ಲ.